ತಾರಸಿ ಮೇಲೆ ಸೂರ್ಯನ ಕಲೆ ನೋಡೋಣ ಬನ್ನಿ

ಸೂರ್ಯನನ್ನು ನೋಡೋಕೆ ಗ್ರಹಣವೇ ಬರಬೇಕು ಅಂತೇನಿಲ್ಲ. ಒಳ್ಳೆ ಬಿಸಿಲು, ಒಂದು ಹಳೇ ಬೈನಾಕ್ಯುಲರ್, ಒಂದು ಬಿಳಿ ಹಾಳೆ ಇದ್ದರೆ ಸಾಕು. ಸೂರ್ಯನ ಮೇಲೆ ಕಾಣುವ ಕಪ್ಪು ಚುಕ್ಕೆಗಳೇ ಸೌರಕಲೆಗಳು. ಅವುಗಳ ಸಂಖ್ಯೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. 2019ರ ಡಿಸೆಂಬರ್‌ನಲ್ಲಿ ಶುರುವಾದ ಈಗಿನ ಚಕ್ರ 2024ರಲ್ಲಿ ತುದಿ ಮುಟ್ಟಿತು. ಹಾಗಂತ ಆಟ ಮುಗಿಯಲಿಲ್ಲ. ಇಳಿಯುವ ವರ್ಷಗಳಲ್ಲೂ ದೊಡ್ಡ ದೊಡ್ಡ ಕಲೆಗಳು ಬರುತ್ತವೆ.

ಮೊದಲು ಕಣ್ಣು

ಬೈನಾಕ್ಯುಲರ್ ಅಥವಾ ಟೆಲಿಸ್ಕೋಪಿಗೆ ಕಣ್ಣಿಟ್ಟು ಸೂರ್ಯನನ್ನು ನೋಡಬೇಡಿ. ಒಂದು ಕ್ಷಣವೂ ಬೇಡ. ಕಣ್ಣಿನ ಒಳಪರದೆ ಸುಟ್ಟರೂ ನೋವಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ದೃಷ್ಟಿ ಹೋಗಿರುತ್ತದೆ. ಎಕ್ಸ್‌ರೇ ಫಿಲ್ಮು, ಮಸಿ ಹಿಡಿಸಿದ ಗಾಜು, ಸಿಡಿ, ಕೂಲಿಂಗ್ ಗ್ಲಾಸು ಯಾವುದೂ ಬೇಡ. ಗ್ರಹಣದ ಕನ್ನಡಕ ಬರಿಗಣ್ಣಿಗೆ ಸರಿ. ಆದರೆ ಅದನ್ನು ಹಾಕಿಕೊಂಡು ಬೈನಾಕ್ಯುಲರ್‌ನಲ್ಲಿ ನೋಡಿದರೆ ಒಟ್ಟುಗೂಡಿದ ಬಿಸಿಲು ಕನ್ನಡಕದ ಫಿಲ್ಮನ್ನೇ ಸುಟ್ಟುಬಿಡುತ್ತದೆ. ಹಳೇ ಟೆಲಿಸ್ಕೋಪುಗಳ ಜೊತೆ ಐಪೀಸಿಗೆ (ಕಣ್ಣಿಡುವ ಕಡೆಯ ಗಾಜಿಗೆ) ತಿರುಗಿಸಿ ಹಾಕುವ ಕಪ್ಪು ಗಾಜು ಕೊಡುತ್ತಿದ್ದರು. ಕಾವಿಗೆ ಅದು ಪಟ್ ಅಂತ ಒಡೆಯುತ್ತದೆ. ಮನೆಯಲ್ಲಿದ್ದರೆ ಇವತ್ತೇ ಕಸಕ್ಕೆ ಹಾಕಿ.

ಬಿಂಬ ಬೀಳಿಸುವುದು

ಸೂರ್ಯನ ಬಿಂಬವನ್ನು ಹಾಳೆಯ ಮೇಲೆ ಬೀಳಿಸಿ ನೋಡುವ ವಿಧಾನ 1612ರ ಹೊತ್ತಿಗೇ ಗೆಲಿಲಿಯೊ ಬಳಸಿದ್ದು. ಅವನ ಶಿಷ್ಯ ಕ್ಯಾಸ್ಟೆಲ್ಲಿ ಹೇಳಿಕೊಟ್ಟ ಉಪಾಯ ಅದು. ಇದರಲ್ಲಿ ಇನ್ನೊಂದು ಲಾಭವಿದೆ. ಮನೆಮಂದಿಯೆಲ್ಲ ಒಟ್ಟಿಗೇ ನೋಡಬಹುದು.

ಬೈನಾಕ್ಯುಲರ್‌ನ ಒಂದು ಕಡೆಯ ಮುಂದಿನ ಗಾಜಿಗೆ ಮುಚ್ಚಳ ಹಾಕಿ, ಬಿದ್ದುಹೋಗದಂತೆ ಟೇಪ್ ಅಂಟಿಸಿ. ಇನ್ನೊಂದು ಕಡೆಗೆ ದೊಡ್ಡ ರಟ್ಟಿನಲ್ಲಿ ತೂತು ಕೊರೆದು ಕಾಲರ್‌ನಂತೆ ಸಿಕ್ಕಿಸಿ. ಸುಮ್ನೆ ಅಲಂಕಾರಕ್ಕಲ್ಲ, ಹಾಳೆಯ ಮೇಲೆ ನೆರಳು ಬೀಳಬೇಕು. ನೆರಳಿಲ್ಲದಿದ್ದರೆ ಬಿಂಬ ಮಂಕಾಗಿ ಕಲೆಯೇ ಕಾಣುವುದಿಲ್ಲ. ಆಮೇಲೆ ಟ್ರೈಪಾಡ್ ಮೇಲೆ ಕೂರಿಸಿ. ಮುಂದಿನ ಗಾಜು ಸೂರ್ಯನ ಕಡೆ, ಐಪೀಸಿನ ಹಿಂದೆ ಬಿಳಿ ಹಾಳೆ. ಟ್ರೈಪಾಡ್ ಇಲ್ಲದಿದ್ದರೆ ಕುರ್ಚಿಯ ಬೆನ್ನಿಗೆ ಬಿಗಿಯಾಗಿ ಕಟ್ಟಿ.

ಸೂರ್ಯನ ಕಡೆ ಗುರಿ ಹಿಡಿಯೋದು ಹೇಗೆ, ಕಣ್ಣಿಡದೆ? ನೆಲದ ಮೇಲೆ ಬಿದ್ದ ಕೊಳವೆಯ ನೆರಳು ನೋಡುತ್ತಾ ತಿರುಗಿಸಿ. ನೆರಳು ಅತಿ ಚಿಕ್ಕದಾದಾಗ ಗುರಿ ಸರಿಯಾಗಿದೆ ಅಂತ. ಹಾಳೆಯ ಮೇಲೆ ಬೆಳ್ಳಗಿನ ಗುಂಡು ಬಂದು ಕೂರುತ್ತದೆ. ಅದರ ಅಂಚು ಚೂಪಾಗುವ ತನಕ ಫೋಕಸ್ ತಿರುಗಿಸಿ.

10x50 (ಹತ್ತು ಪಟ್ಟು ದೊಡ್ಡದು ಮಾಡುವ, 50 ಮಿ.ಮೀ. ಲೆನ್ಸಿನ) ಬೈನಾಕ್ಯುಲರ್ ಆದರೆ ಒಂದು ಮೀಟರ್ ದೂರದಲ್ಲಿ ಸುಮಾರು 9 ಸೆಂ.ಮೀ. ಬಿಂಬ ಸಿಗುತ್ತದೆ. 60 ಮಿ.ಮೀ. ಲೆನ್ಸಿನ ಚಿಕ್ಕ ಟೆಲಿಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು. ಅದರ ಫೋಕಲ್ ಲೆಂತ್ (ಲೆನ್ಸಿನಿಂದ ಬೆಳಕು ಒಂದೆಡೆ ಕೂಡುವವರೆಗಿನ ದೂರ) 700 ಮಿ.ಮೀ. ಇದ್ದು 20 ಮಿ.ಮೀ. ಐಪೀಸ್ ಹಾಕಿದರೆ ಅರ್ಧ ಮೀಟರ್ ಒಳಗೇ 15 ಸೆಂ.ಮೀ. ಬಿಂಬ ಬರುತ್ತದೆ. ಫೈಂಡರ್ (ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ಟೆಲಿಸ್ಕೋಪ್) ಮುಚ್ಚಿಡಲು ಮರೆಯಬೇಡಿ. ದುಬಾರಿ ಐಪೀಸ್ ಬೇಡ, ಒಳಗೆ ಗಾಜುಗಳನ್ನು ಅಂಟಿಸಿರುವ ಗೋಂದು ಕಾವಿಗೆ ಹಾಳಾಗುತ್ತದೆ. ಕನ್ನಡಿ ಇರುವ ಮುಚ್ಚಿದ ಕೊಳವೆಯ ಟೆಲಿಸ್ಕೋಪುಗಳನ್ನು ಈ ಕೆಲಸಕ್ಕೆ ಬಳಸಲೇಬಾರದು. ಎರಡು ನಿಮಿಷಕ್ಕೊಮ್ಮೆ ಬಿಸಿಲಿಂದ ತಿರುಗಿಸಿ ಆರಲು ಬಿಡಿ. ಮಕ್ಕಳನ್ನು ಅದರ ಹತ್ತಿರ ಬಿಟ್ಟು ಕಾಫಿಗೆ ಹೋಗಬೇಡಿ.

ಬೆಳಗ್ಗೆ ಎಂಟರಿಂದ ಒಂಬತ್ತೂವರೆ ಒಳ್ಳೆ ಹೊತ್ತು. ತಾರಸಿ ಕಾದ ಮೇಲೆ ಬಿಸಿಗಾಳಿ ಎದ್ದು ಬಿಂಬದ ಅಂಚು ಕುದಿಯುವಂತೆ ನಡುಗುತ್ತದೆ.

ಕಲೆಯೋ, ಧೂಳೋ?

ಕಪ್ಪು ಚುಕ್ಕೆ ಕಂಡ ತಕ್ಷಣ ಕುಣಿಯಬೇಡಿ. ಕೊಳವೆಯನ್ನು ಮೆಲ್ಲಗೆ ತಟ್ಟಿ. ಬಿಂಬದ ಜೊತೆ ಚುಕ್ಕೆಯೂ ಅಲುಗಿದರೆ ಅದು ಕಲೆ. ಬಿಂಬ ಸರಿದರೂ ಇದ್ದಲ್ಲೇ ಇದ್ದರೆ ಐಪೀಸಿನ ಧೂಳು, ಇಲ್ಲವೇ ಹಾಳೆಯ ಕೊಳೆ. ನಿಜವಾದ ದೊಡ್ಡ ಕಲೆಗೆ ನಡುವೆ ಕಡುಕಪ್ಪು ತಿರುಳು, ಸುತ್ತ ಬೂದು ಅಂಚು ಇರುತ್ತದೆ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಕಲೆಯ ತಿರುಳು ಅದಕ್ಕಿಂತ ಸಾವಿರಾರು ಡಿಗ್ರಿ ತಣ್ಣಗೆ. ಬಲವಾದ ಕಾಂತಕ್ಷೇತ್ರ ಕೆಳಗಿನ ಕಾವು ಮೇಲೆ ಬರದಂತೆ ತಡೆಯುತ್ತದೆ. ಪಕ್ಕದ ಬೆಳಕಿನ ಎದುರಿಗೆ ಮಾತ್ರ ಅದು ಕಪ್ಪು.

15 ಸೆಂ.ಮೀ. ಬಿಂಬದ ಮೇಲೆ ನಮ್ಮ ಭೂಮಿ ಎಷ್ಟು ದೊಡ್ಡದು ಗೊತ್ತಾ? ಒಂದು ರಾಗಿ ಕಾಳಿನಷ್ಟು. ಹಾಳೆಯ ಮೇಲೆ ನಿಜವಾಗಿಯೂ ಒಂದು ಕಾಳು ಇಟ್ಟು ಕಲೆಯ ಪಕ್ಕಕ್ಕೆ ಸರಿಸಿ ನೋಡಿ.

ದಿನಾ ಬರೆಯಿರಿ

ಫೋಟೊ ತೆಗೆದು ಸುಮ್ಮನಾಗುವವರೇ ಜಾಸ್ತಿ. ನನ್ನ ಮಾತು ಕೇಳಿದರೆ ಪೆನ್ಸಿಲ್ ಹಿಡಿಯಿರಿ. ಹಾಳೆಯ ಮೇಲೆ ಮೊದಲೇ 15 ಸೆಂ.ಮೀ. ವೃತ್ತ ಎಳೆದಿಟ್ಟು, ಬಿಂಬವನ್ನು ಅದರೊಳಗೆ ಕೂರಿಸಿ, ಕಲೆಗಳನ್ನು ಗುರುತು ಮಾಡಿ. ಬೇಗ ಬೇಗ ಮಾಡಬೇಕು, ಎರಡು ನಿಮಿಷದಲ್ಲಿ ಬಿಂಬ ತನ್ನಷ್ಟೇ ಅಗಲ ಸರಿದುಹೋಗುತ್ತದೆ. ಅದು ಸರಿಯುವ ಕಡೆ ಪಶ್ಚಿಮ, ಅಲ್ಲೊಂದು 'ಪ' ಬರೆಯಿರಿ. ತಾರೀಖು, ಸಮಯ ಹಾಕಿ.

ಮಾರನೇ ದಿನ ಅದೇ ಕಲೆಗಳು ಪಶ್ಚಿಮದ ಕಡೆ ಸರಿದಿರುತ್ತವೆ. ಪೂರ್ವದ ಅಂಚಲ್ಲಿ ಹುಟ್ಟಿದಂತೆ ಕಂಡ ಕಲೆ ಬಾಳಿದರೆ ಹೆಚ್ಚುಕಡಿಮೆ ಎರಡು ವಾರದಲ್ಲಿ ಪಶ್ಚಿಮದ ಅಂಚು ದಾಟುತ್ತದೆ. ಸೂರ್ಯ ತನ್ನ ಸುತ್ತ ತಿರುಗುತ್ತಾನೆ ಅನ್ನುವುದನ್ನು ನೀವೇ ನಿಮ್ಮ ಕೈಯಾರೆ ಅಳೆದ ಹಾಗಾಯಿತು, ಅಲ್ವಾ?

ಎಣಿಸುವುದಕ್ಕೂ ಒಂದು ಲೆಕ್ಕವಿದೆ, ಸ್ವಿಸ್ ಖಗೋಳಜ್ಞ ರುಡಾಲ್ಫ್ ವುಲ್ಫ್ ಮಾಡಿದ್ದು. ಗುಂಪುಗಳ ಸಂಖ್ಯೆಯನ್ನು ಹತ್ತರಿಂದ ಗುಣಿಸಿ, ಬಿಡಿ ಕಲೆಗಳನ್ನೆಲ್ಲ ಕೂಡಿಸಿ. ಮೂರು ಗುಂಪು, ಒಟ್ಟು 14 ಕಲೆ ಇದ್ದರೆ 44. ಒಂದೇ ಒಂದು ಕಲೆ ಇದ್ದರೂ 11. ಕಲೆಗಳ ಚಕ್ರವನ್ನು ಮೊದಲು ಕಂಡುಹಿಡಿದ ಶ್ವಾಬೆ ಜರ್ಮನಿಯ ಔಷಧಿ ಅಂಗಡಿಯವನು. 1826ರಿಂದ ದಿನಾ ಎಣಿಸುತ್ತಾ ಹೋದವನು. ನಮ್ಮ ಕಡೆಯ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಸೂರ್ಯನ ಚಿತ್ರಗಳ ನೂರು ವರ್ಷಕ್ಕೂ ಮೀರಿದ ದಾಖಲೆ ಇದೆ. ಅದನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಕಲೆಯ ತಿರುಳಿಂದ ಹೊರಕ್ಕೆ ಅನಿಲ ಹರಿಯುತ್ತದೆ ಅಂತ ಖಗೋಳಜ್ಞ ಎವರ್‌ಶೆಡ್ 1909ರಲ್ಲಿ ಕಂಡದ್ದು ಅಲ್ಲೇ.

ಸೌರಜ್ವಾಲೆ ಕಾಣುತ್ತಾ?

ಕಲೆಗಳ ಹತ್ತಿರ ಇದ್ದಕ್ಕಿದ್ದಂತೆ ಹೊಳೆದು ಆರುವ ಸ್ಫೋಟವೇ ಸೌರಜ್ವಾಲೆ. ನೇರವಾಗಿ ಹೇಳುತ್ತೇನೆ: ಹಾಳೆಯ ಮೇಲೆ ಕಾಣುವುದು ಬಲು ಅಪರೂಪ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ಖಗೋಳಜ್ಞ ರಿಚರ್ಡ್ ಕ್ಯಾರಿಂಗ್ಟನ್ ಹೀಗೇ ಬಿಂಬ ಬೀಳಿಸಿ ಕಲೆ ಬರೆಯುತ್ತಿದ್ದಾಗ ಎರಡು ಬೆಳಕಿನ ತುಣುಕು ಹೊತ್ತಿಕೊಂಡವು. ಸಾಕ್ಷಿಗೆ ಯಾರನ್ನಾದರೂ ಕರೆಯೋಣ ಅಂತ ಓಡಿ, ನಿಮಿಷದೊಳಗೆ ವಾಪಸ್ ಬಂದರೆ ಆಗಲೇ ಮಂಕಾಗಿತ್ತು. ಸುಮಾರು 17 ಗಂಟೆಯ ನಂತರ ಭೂಮಿಗೆ ಕಾಂತ ಬಿರುಗಾಳಿ (ಭೂಮಿಯ ಕಾಂತಕ್ಷೇತ್ರ ಕಲಕುವುದು) ಬಡಿದು ಟೆಲಿಗ್ರಾಫ್ ತಂತಿಗಳು ಕಿಡಿ ಕಾರಿದವು.

ಸಾಮಾನ್ಯ ಜ್ವಾಲೆ ಕಾಣಬೇಕಾದರೆ ಎಚ್-ಆಲ್ಫಾ ಟೆಲಿಸ್ಕೋಪ್ ಬೇಕು. ಹೈಡ್ರೋಜನ್‌ನ 656.3 ನ್ಯಾನೋಮೀಟರ್ ಕೆಂಪು ಬೆಳಕನ್ನು ಮಾತ್ರ ಅದು ಒಳಗೆ ಬಿಡುತ್ತದೆ. ಬೆಲೆ ಜಾಸ್ತಿ. ಕೊಳ್ಳುವ ಮೊದಲು ಖಗೋಳ ಕ್ಲಬ್ಬಿನವರ ಹತ್ತಿರ ಒಮ್ಮೆ ನೋಡಿ.

ಜ್ವಾಲೆಯನ್ನು ಕೇಳಿಸಿಕೊಳ್ಳುವ ದಾರಿಯೂ ಇದೆ. ಅದರ ಎಕ್ಸ್-ಕಿರಣ ಎಂಟೂ ಚಿಲ್ಲರೆ ನಿಮಿಷದಲ್ಲಿ ನಮ್ಮ ವಾತಾವರಣದ ಮೇಲ್ಪದರಕ್ಕೆ ಬಂದು ಬಡಿದಾಗ, ಹಗಲಿರುವ ಕಡೆ ಶಾರ್ಟ್‌ವೇವ್ ಕೇಂದ್ರಗಳು ಇದ್ದಕ್ಕಿದ್ದಂತೆ ಮಾಯವಾಗುತ್ತವೆ. ಎಲೆಕ್ಟ್ರಾನಿಕ್ಸ್ ಹುಚ್ಚಿರುವವರು ತಿರುನೆಲ್ವೇಲಿ ಕಡೆಯ ನೌಕಾಪಡೆ ಕೇಂದ್ರದ 18.2 ಕಿಲೋಹರ್ಟ್ಸ್ ಸಿಗ್ನಲ್ ಹಿಡಿದು, ಜ್ವಾಲೆ ಬಂದಾಗ ಅದು ಏರಿಳಿಯುವುದನ್ನು ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ.

ಯಾವ ದಿನ ಕಾಯಬೇಕು ಅಂತ ನಿಮ್ಮ ಚಿತ್ರಗಳೇ ಹೇಳುತ್ತವೆ. ದುಂಡಗೆ, ಒಂಟಿಯಾಗಿ ಕೂತ ಕಲೆ ಸಾಧು. ದಿನದಿಂದ ದಿನಕ್ಕೆ ಆಕಾರ ಬದಲಿಸುತ್ತಾ ಹರಡುವ ಗೋಜಲು ಗುಂಪಿನ ಮೇಲೆ ಕಣ್ಣಿಡಿ. 2024ರ ಮೇ ತಿಂಗಳಲ್ಲಿ 3664 ಅನ್ನುವ ಗುಂಪು ಹಾಗೇ ಬೆಳೆಯಿತು. ಗ್ರಹಣದ ಕನ್ನಡಕದಲ್ಲೇ ಕಾಣುತ್ತಿತ್ತು. ಅದು ಎಬ್ಬಿಸಿದ ಬಿರುಗಾಳಿಗೆ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು.

ಜ್ವಾಲೆಗಳನ್ನು ಎ, ಬಿ, ಸಿ, ಎಂ, ಎಕ್ಸ್ ಅಂತ ವಿಂಗಡಿಸುತ್ತಾರೆ, ಒಂದೊಂದು ಮೆಟ್ಟಿಲಿಗೂ ಬಲ ಹತ್ತು ಪಟ್ಟು. ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾದ (NOAA) ತಾಣದಲ್ಲಿ ಆಯಾ ದಿನದ ಪಟ್ಟಿ ಸಿಗುತ್ತದೆ, ಗುಂಪಿನ ನಂಬರ್ ಸಮೇತ. ಆ ನಂಬರನ್ನು ನಿಮ್ಮ ಚಿತ್ರದಲ್ಲಿ ಕಲೆಯ ಪಕ್ಕ ಬರೆದುಕೊಳ್ಳಿ. ಪಟ್ಟಿಯಲ್ಲಿರುವುದು ಗ್ರೀನಿಚ್ ಸಮಯ, ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ಅಲ್ಲಿ 6:10 ಅಂತಿದ್ದರೆ ನಮಗೆ ಬೆಳಗ್ಗೆ 11:40.