ಹಳೆಯ ರೇಜರಿಗೆ ಹಗುರ ಕೈ

ಕಾರವಾರದಿಂದ ಹೊನ್ನಾವರದವರೆಗಿನ ಹಳೆಯ ಮನೆಗಳಲ್ಲಿ, ಅಟ್ಟದ ಟ್ರಂಕಿನಲ್ಲಿಯೋ ಬಚ್ಚಲುಮನೆಯ ಗೋಡೆಗೂಡಿನಲ್ಲಿಯೋ, ಅಜ್ಜನ ಕಾಲದ ದಾಡಿ ಸೆಟ್ಟು ಸಿಗುವುದು ಅಪರೂಪವೇನಲ್ಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಜಿಲ್ಲೆ ಮುಂಬಯಿಯ ಆಡಳಿತದಲ್ಲಿತ್ತು. ನೌಕರಿಗೆಂದು ಮುಂಬಯಿಗೆ ಹೋದವರು ರಜೆಗೆ ಬರುವಾಗ ತರುತ್ತಿದ್ದ ಸಾಮಾನಿನಲ್ಲಿ ‘ಮೇಡ್ ಇನ್ ಇಂಗ್ಲೆಂಡ್’ ಎಂದು ಅಚ್ಚೊತ್ತಿದ ಜಿಲೆಟ್ ರೇಜರೂ ಇರುತ್ತಿತ್ತು. ನನ್ನ ಬಳಿ ಇರುವುದು ಸೋದರಮಾವನ ಟ್ರಂಕಿನಿಂದ ಬಂದ ಅಂಥದೊಂದು. ಅದನ್ನು ಹಿಡಿದ ಮೊದಲ ಹದಿನೈದು ದಿನ ನನ್ನ ಕುತ್ತಿಗೆಯ ಮೇಲೆ ಕೆಂಪು ಗೀರಿಲ್ಲದ ಬೆಳಗು ಇರಲಿಲ್ಲ. ರೇಜರಿನ ಬಾಯಿ ಕೆಟ್ಟಿದೆಯೆಂದೂ ಬ್ಲೇಡು ಮೊಂಡೆಂದೂ ದೂರಿದ ಮೇಲೆ ತಿಳಿದದ್ದೇನೆಂದರೆ, ಕೆಟ್ಟದ್ದು ಕೈಯ ಅಭ್ಯಾಸ.

ನಮ್ಮಲ್ಲಿ ‘ಗಡ್ಡ ಹೆರೆಯುವುದು’ ಎಂಬ ಮಾತಿದೆ. ಈ ಕ್ರಿಯಾಪದವೇ ದಾರಿ ತಪ್ಪಿಸುತ್ತದೆ ಎಂದು ನನಗೆ ಅನ್ನಿಸುವುದುಂಟು. ಹೆರೆಮಣೆಯ ಮೇಲೆ ಕಾಯಿ ಹೆರೆಯುವಾಗ ಒತ್ತಿದಷ್ಟೂ ಕಾಯಿತುರಿ ಬೀಳುತ್ತದೆ. ಗಡ್ಡಕ್ಕೆ ಆ ಲೆಕ್ಕ ಸಲ್ಲುವುದಿಲ್ಲ. ಈಗಿನ ಕಾರ್ಟ್ರಿಜ್ ರೇಜರಿನ ತಲೆ ಕೆನ್ನೆಯ ಏರಿಳಿತಕ್ಕೆ ತಕ್ಕಂತೆ ತಾನೇ ವಾಲುತ್ತದೆ, ಒತ್ತಡ ಮೂರೋ ಐದೋ ಬ್ಲೇಡುಗಳ ನಡುವೆ ಹಂಚಿಹೋಗುತ್ತದೆ, ಆದ್ದರಿಂದ ಒತ್ತಿ ಎಳೆದರೂ ಅದು ಸಹಿಸಿಕೊಳ್ಳುತ್ತದೆ. ಹಳೆಯ ರೇಜರಿನ ತಲೆ ವಾಲುವುದಿಲ್ಲ, ಚರ್ಮದ ಮೇಲಿರುವುದು ಒಂದೇ ಅಲಗು, ಕೋನ ಹಿಡಿಯುವ ಹೊಣೆ ಪೂರ್ತಿಯಾಗಿ ಮಣಿಕಟ್ಟಿನದು. ಇಲ್ಲಿ ಮುಂದೆ ಹೇಳುವ ನೀರು, ನೊರೆ, ಬ್ಲೇಡು, ಕೋನ ಎಲ್ಲವೂ ಒತ್ತಬೇಕಾದ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕುವ ಕ್ರಮಗಳೆಂದು ಓದುಗರು ತಿಳಿದುಕೊಂಡರೆ ಸಾಕು.

ಮೊದಲು ಕೈಯಲ್ಲಿರುವ ಸಾಧನ ಯಾವುದೆಂದು ಗುರುತಿಸಬೇಕು. ಕಿಂಗ್ ಕ್ಯಾಂಪ್ ಜಿಲೆಟ್ ಅವರಿಗೆ 1904ರಲ್ಲಿ ಪೇಟೆಂಟ್ ದೊರೆತ ರೇಜರು ಮೇಲ್ಮುಚ್ಚಳ, ತಳದ ತಟ್ಟೆ, ಹಿಡಿ ಎಂಬ ಮೂರು ತುಂಡುಗಳದಾಗಿತ್ತು. 1930ರ ದಶಕದ ಕೊನೆಯಲ್ಲಿ ಬಂದ ‘ಟೆಕ್’ ಕೂಡ ಅದೇ ರೀತಿಯದು, ಮತ್ತು ಕಲಿಯುವವರಿಗೆ ಅದಕ್ಕಿಂತ ಸೌಮ್ಯವಾದ ಹಳೆಯ ರೇಜರನ್ನು ನಾನು ಕಂಡಿಲ್ಲ. ಹಿಡಿಯ ತುದಿಯ ಗುಬ್ಬಿ ತಿರುಗಿಸಿದರೆ ಮೇಲಿನ ಎರಡು ಬಾಗಿಲು ತೆರೆದುಕೊಳ್ಳುವ ‘ಸೂಪರ್ ಸ್ಪೀಡ್’ 1940ರ ದಶಕದ್ದು. ಕುತ್ತಿಗೆಯಲ್ಲಿ 1ರಿಂದ 9ರವರೆಗೆ ಅಂಕಿಗಳಿರುವ, ಬ್ಲೇಡಿನ ಸಂದನ್ನು ಹೆಚ್ಚು ಕಡಿಮೆ ಮಾಡಬಹುದಾದ ‘ಫ್ಯಾಟ್‌ಬಾಯ್’ 1958ರ ಸುಮಾರಿಗೆ ಬಂತು. ಅದು ಸಿಕ್ಕವರು 3ಕ್ಕಿಂತ ಮೇಲೆ ಹೋಗದೆ ಕನಿಷ್ಠ ಒಂದು ತಿಂಗಳು ಕಳೆಯುವುದು ಒಳ್ಳೆಯದು, ಮತ್ತು ಅಂಕಿ ಬದಲಿಸುವ ಮೊದಲು ಗುಬ್ಬಿಯನ್ನು ತುಸು ಸಡಿಲಿಸಿಕೊಳ್ಳಬೇಕು. ಬ್ಲೇಡಿನ ಕೆಳಗೆ ನೇರ ಪಟ್ಟಿಯ ಬದಲು ಬಾಚಣಿಗೆಯ ಹಲ್ಲುಗಳಿದ್ದರೆ ಅದು ಇನ್ನೂ ಹಳೆಯ ಮಾದರಿ. ಅಯ್ಯಪ್ಪನ ಮಾಲೆ ಹಾಕಿ 41 ದಿನ ಬೆಳೆದ ಗಡ್ಡವನ್ನು ಕತ್ತರಿಯಿಂದ ಮೊಟಕುಗೊಳಿಸಿದ ಮೇಲೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಇವೆಲ್ಲಕ್ಕೂ ಇಂದಿಗೂ ಕಿರಾಣಿ ಅಂಗಡಿಯಲ್ಲಿ ಸಿಗುವ ಎರಡಲಗಿನ ಬ್ಲೇಡೇ ಹೊಂದುತ್ತದೆ.

ಸ್ವಚ್ಛಗೊಳಿಸುವ ವಿಷಯದಲ್ಲಿ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಹಿತ್ತಾಳೆ ಎಂದ ಕೂಡಲೇ ನಮಗೆ ನೆನಪಾಗುವುದು ಹುಣಸೆಹುಳಿ ಮತ್ತು ಬೂದಿ. ದೇವರ ದೀಪ ತಿಕ್ಕುವ ಹುರುಪಿನಲ್ಲಿಯೇ ಮಾವನ ರೇಜರನ್ನೂ ತಿಕ್ಕಿದೆ. ಅದು ಫಳಫಳ ಹೊಳೆಯಿತು, ಆದರೆ ಮೇಲಿದ್ದ ಚಿನ್ನದ ಲೇಪ ಬೂದಿಯೊಂದಿಗೆ ಬಚ್ಚಲ ಕಂಡಿಯಲ್ಲಿ ಹರಿದುಹೋಯಿತು. ಆ ಲೇಪ ಅಷ್ಟು ತೆಳುವಾಗಿರುತ್ತದೆ. ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸಂದುಗೊಂದುಗಳನ್ನು ಮೆಲ್ಲಗೆ ತಿಕ್ಕಿ, ಔಷಧಿ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಹತ್ತು ನಿಮಿಷ ಮುಳುಗಿಸಿ ಒಣಗಿಸಿದರೆ ಸಾಕು. ಕುದಿಯುವ ನೀರಿಗೆ ಹಾಕುವ ಅಗತ್ಯವಿಲ್ಲ. ಬಾಗಿಲಿರುವ ರೇಜರನ್ನು ಸಂತೆಯಲ್ಲಿಯೋ ಹಳೆ ಸಾಮಾನಿನ ಅಂಗಡಿಯಲ್ಲಿಯೋ ಕೊಳ್ಳುವವರು, ಬಾಗಿಲು ಮುಚ್ಚಿ ಎದುರಿನಿಂದ ನೋಡಿ, ಎರಡೂ ಬದಿಯ ಸಂದು ಒಂದೇ ಸಮನಾಗಿದೆಯೇ ಎಂದು ಪರೀಕ್ಷಿಸಬೇಕು. ಒಮ್ಮೆ ಕೆಳಗೆ ಬಿದ್ದು ಬಾಗಿಲು ಸೊಟ್ಟಗಾದ ರೇಜರು ಒಂದು ಬದಿಯಲ್ಲಿ ಏನೂ ಕತ್ತರಿಸದೆ ಇನ್ನೊಂದು ಬದಿಯಲ್ಲಿ ಚರ್ಮವನ್ನೇ ಕೊಯ್ಯುತ್ತದೆ, ಮತ್ತು ಯಾವ ಕೈಚಳಕವೂ ಅದನ್ನು ಸರಿಪಡಿಸಲಾರದು.

ಬ್ಲೇಡಿನ ಕುರಿತು ಹೆಚ್ಚು ಹೇಳುವುದೇನಿಲ್ಲ. ಟೋಪಾಜ್, ಸೆವೆನ್ ಓ ಕ್ಲಾಕ್, ವಿಲ್ಕಿನ್ಸನ್ ಸ್ವೋರ್ಡ್ ಹೀಗೆ ಯಾವುದಾದರೂ ಒಂದನ್ನು ಹಿಡಿದು, ಕೈ ಪಳಗುವವರೆಗೆ ಬದಲಿಸದಿರುವುದು ಮುಖ್ಯ. ಸೋಪು, ಬ್ಲೇಡು, ರೇಜರು ಮೂರನ್ನೂ ಒಂದೇ ವಾರದಲ್ಲಿ ಬದಲಿಸಿದರೆ, ಉರಿ ಬಂದದ್ದು ಯಾವುದರಿಂದ, ಹೋದದ್ದು ಯಾವುದರಿಂದ ಎಂಬುದು ಎಂದೂ ತಿಳಿಯುವುದಿಲ್ಲ. ಬ್ಲೇಡನ್ನು ಅದರ ಗಿಡ್ಡ ತುದಿಗಳಲ್ಲಿ ಹಿಡಿದು ಕೂರಿಸಬೇಕು. ಬಿಗಿದ ಮೇಲೆ ಎರಡೂ ಕಡೆ ಅಲಗು ಸಮನಾಗಿ ಹೊರಬಂದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ನಾಲ್ಕೈದು ಸಲದ ಮೇಲೆ ಕೂದಲು ಕತ್ತರಿಸುವ ಬದಲು ಜಗ್ಗಿದಂತಾದರೆ, ಆ ಬ್ಲೇಡನ್ನು ಎಸೆಯುವುದೇ ಲಾಭ. ಮೊಂಡು ಬ್ಲೇಡು ಕೈಗೆ ಒತ್ತಲು ಕಲಿಸುತ್ತದೆ.

ಇನ್ನು ನೀರು ಮತ್ತು ನೊರೆ. ಗಡ್ಡದ ಕೂದಲು ನೀರು ಹೀರಿದರೆ ಮೆತ್ತಗಾಗುತ್ತದೆ, ಅದಕ್ಕೆ ಎರಡು ಮೂರು ನಿಮಿಷಗಳಾದರೂ ಬೇಕು. ಆದ್ದರಿಂದ ಸ್ನಾನವಾದ ಮೇಲೆಯೇ ಕ್ಷೌರಕ್ಕೆ ಕೂರುವುದು ಉತ್ತಮ. ಹಂಡೆಯ ಬಿಸಿನೀರು ಇರುವ ಶಿರಸಿ ಕಡೆಯ ಮನೆಗಳಲ್ಲಿ ಇದಕ್ಕೆ ಬೇರೆ ಏರ್ಪಾಡು ಬೇಕಿಲ್ಲ. ಘಟ್ಟದ ಮೇಲಿನ ಬಾವಿನೀರಿನಲ್ಲಿ, ಗುಡ್ಡದ ಅಬ್ಬಿ ನೀರಿನಲ್ಲಿ ಸೋಪು ಕೂಡಲೇ ನೊರೆಯಾಗುತ್ತದೆ. ಕರಾವಳಿಯಲ್ಲಿ ಸಮುದ್ರಕ್ಕೆ ಹತ್ತಿರವಿರುವ ಬಾವಿಗಳ ನೀರು ಬೇಸಿಗೆಯಲ್ಲಿ ಸವಳಾಗುವುದುಂಟು, ಅದರಲ್ಲಿ ಎಷ್ಟು ತಿರುವಿದರೂ ನೊರೆ ಕಟ್ಟುವುದಿಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸೋಪಿನೊಡನೆ ಸೇರಿ ಕರಗದ ಜಿಡ್ಡಾಗುತ್ತವೆ. ಕುಡಿಯಲು ತಂದಿಟ್ಟ ಸಿಹಿನೀರಿನಲ್ಲಿ ಒಂದು ಲೋಟವನ್ನು ಇದಕ್ಕಾಗಿ ಎತ್ತಿಟ್ಟರೆ ತೊಂದರೆ ತಪ್ಪುತ್ತದೆ. ಮಳೆಗಾಲದಲ್ಲಿ ಮಾಡಿನಿಂದ ಹಿಡಿದ ನೀರಿಗೆ ಸಮನಾದದ್ದು ಇನ್ನೊಂದಿಲ್ಲ.

ಬ್ರಶ್ಶನ್ನು ನೀರಿನಲ್ಲಿ ನೆನೆಸಿ, ತೊಟ್ಟಿಕ್ಕುವ ನೀರನ್ನು ಕೊಡವಿ, ಗೇರುಬೀಜದ ತಿರುಳಿನಷ್ಟು ಕ್ರೀಮನ್ನು ಬಟ್ಟಲಿಗೆ ಹಾಕಿ ತಿರುವಲು ತೊಡಗಬೇಕು. ಬೇಗನೆ ಬಟ್ಟಲು ತುಂಬ ಬೆಳ್ಳಗಿನ ಗುಡ್ಡೆ ಏಳುತ್ತದೆ, ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. ಅದು ನೋಡಲು ಚೆಂದ, ಆದರೆ ಒಣನೊರೆ. ಮುಖಕ್ಕೆ ಹಚ್ಚಿದ ಎರಡು ನಿಮಿಷಕ್ಕೆ ಅಂಚಿನಲ್ಲಿ ಬಿರಿಯುತ್ತದೆ, ರೇಜರು ಅದರ ಮೇಲೆ ತಡೆಯುತ್ತದೆ, ತಡೆದ ಕೂಡಲೇ ಕೈ ತಾನಾಗಿ ಒತ್ತುತ್ತದೆ. ನಿಲ್ಲಿಸದೆ ಬೆರಳ ತುದಿಯಿಂದ ಮೂರು ನಾಲ್ಕು ಹನಿ ನೀರು ಚಿಮುಕಿಸಿ ಮತ್ತೆ ತಿರುವಬೇಕು, ಮತ್ತೆ ಚಿಮುಕಿಸಬೇಕು. ಗುಳ್ಳೆಗಳೆಲ್ಲ ಒಡೆದು, ನೊರೆ ಗಟ್ಟಿಮೊಸರಿನ ಹಾಗೆ ಮಿರುಗತೊಡಗಿದಾಗ ಹದ ಬಂತೆಂದು ತಿಳಿಯಬೇಕು. ಪರೀಕ್ಷೆ ಸರಳವಾಗಿದೆ: ಸ್ವಲ್ಪ ನೊರೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಇಟ್ಟು ಉಜ್ಜಿದರೆ ಬೆರಳುಗಳು ಒಂದರ ಮೇಲೊಂದು ಜಾರಬೇಕು, ಅಂಟಿದಂತಾದರೆ ಇನ್ನೂ ನೀರು ಬೇಕು. ಕೈಯ ಅಭ್ಯಾಸ ತಿದ್ದಲು ಹೊರಟವರಲ್ಲಿ ಅರ್ಧದಷ್ಟು ಜನರ ಸಮಸ್ಯೆ ಇಷ್ಟರಲ್ಲೇ ಬಗೆಹರಿಯುತ್ತದೆ ಎಂಬುದು ನನ್ನ ಅಂದಾಜು.

ರೇಜರು ಎತ್ತುವ ಮೊದಲು ಎರಡು ದಿನದ ಗಡ್ಡವಿರುವಾಗ ಕನ್ನಡಿಯ ಮುಂದೆ ನಿಂತು, ಬೆರಳನ್ನು ಮೇಲೆ, ಕೆಳಗೆ, ಅಡ್ಡಕ್ಕೆ ಆಡಿಸಿ, ಎಲ್ಲಿ ಕೂದಲು ಯಾವ ಕಡೆಗೆ ಮಲಗಿದೆ ಎಂದು ನೋಡಿಕೊಳ್ಳಬೇಕು. ಬೆರಳು ನುಣ್ಣಗೆ ಸರಿದ ಕಡೆಯೇ ಕೂದಲಿನ ಹಾದಿ. ಕೆನ್ನೆಯ ಮೇಲೆ ಅದು ಸಾಮಾನ್ಯವಾಗಿ ಕೆಳಮುಖವಾಗಿರುತ್ತದೆ. ಕುತ್ತಿಗೆಯಲ್ಲಿ ಮಾತ್ರ ಯಾವ ನಿಯಮವೂ ಇಲ್ಲ: ನನ್ನ ಎಡಗಡೆಯ ಕೂದಲು ಕಿವಿಯತ್ತ ಅಡ್ಡಕ್ಕೆ ಮಲಗುತ್ತದೆ, ಬಲಗಡೆಯದು ಗಲ್ಲದತ್ತ ಮೇಲ್ಮುಖವಾಗಿ ಬೆಳೆಯುತ್ತದೆ. ಇದು ತಿಳಿಯದೆ ವರ್ಷಗಟ್ಟಲೆ ಎರಡೂ ಕಡೆ ಮೇಲಿನಿಂದ ಕೆಳಕ್ಕೆ ಎಳೆಯುತ್ತಿದ್ದುದರಿಂದ, ಬಲಗಡೆ ಮೊದಲ ಸುತ್ತಿನಲ್ಲೇ ಕೂದಲಿನ ಎದುರಿಗೆ ಹೋಗುತ್ತಿದ್ದೆ.

ಕೋನ ಕಂಡುಕೊಳ್ಳುವ ಬಗೆ ಹೀಗೆ: ನೊರೆ ಹಚ್ಚಿದ ಕೆನ್ನೆಯ ಮೇಲೆ ರೇಜರಿನ ಮೇಲ್ಮುಚ್ಚಳವನ್ನು ತಾಗಿಸಿ, ಹಿಡಿ ಕೆನ್ನೆಗೆ ಲಂಬವಾಗಿ ಹೊರಕ್ಕೆ ಚಾಚಿರುವಂತೆ ಹಿಡಿಯಬೇಕು, ಈ ಸ್ಥಿತಿಯಲ್ಲಿ ಅಲಗು ಚರ್ಮಕ್ಕೆ ತಾಗುವುದಿಲ್ಲ. ಈಗ ತಲೆಯನ್ನು ಮೆಲ್ಲಗೆ ಕೆಳಕ್ಕೆ ಜಾರಿಸುತ್ತ, ಹಿಡಿಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಒಂದು ಹಂತದಲ್ಲಿ ಸಣ್ಣಗೆ ಚರಚರ ಸದ್ದು ಕೇಳುತ್ತದೆ, ಅಲ್ಲಿ ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿರುತ್ತದೆ. ಆ ಸದ್ದನ್ನು ಬಿಡದೆ ಹಿಂಬಾಲಿಸಬೇಕು. ಸದ್ದು ನಿಂತರೆ ಕೋನ ತಪ್ಪಿತೆಂದು ಅರ್ಥ. ಆಷಾಢದ ಬೆಳಗುಗಳಲ್ಲಿ ಹಂಚಿನ ಮೇಲೆ ಮಳೆ ಹೊಡೆಯುವಾಗ ಈ ಸದ್ದು ಕೇಳುವುದಿಲ್ಲ, ಆಗ ಬಚ್ಚಲ ಕದ ಮುಚ್ಚಿಕೊಂಡು ಇನ್ನಷ್ಟು ನಿಧಾನವಾಗಿ ಹೋಗುವುದು ಬಿಟ್ಟರೆ ಬೇರೆ ಉಪಾಯವಿಲ್ಲ.

ಒತ್ತಡ ಬಿಡಿಸಲು ನನಗೆ ನೆರವಾದದ್ದು ಹಿಡಿಯುವ ರೀತಿ. ಹಿಡಿಯ ನಡುವೆ ಮುಷ್ಟಿ ಕಟ್ಟುವ ಬದಲು, ಅದರ ಕೆಳತುದಿಯನ್ನು ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ ಮಾತ್ರ ಹಿಡಿದರೆ ಒತ್ತಬೇಕೆಂದರೂ ಒತ್ತಲಾಗುವುದಿಲ್ಲ. ಫ್ಯಾಟ್‌ಬಾಯ್‌ನಂಥ ರೇಜರು 80 ಗ್ರಾಂ ಹತ್ತಿರ ತೂಗುತ್ತದೆ, ಆ ಭಾರವೇ ಕೂದಲನ್ನು ಕೊಯ್ಯಲು ಸಾಕು. ಕೈಯ ಕೆಲಸ ದಾರಿ ತೋರಿಸುವುದಷ್ಟೇ. ಒಂದು ಎಳೆತ ಒಂದು ಅಂಗುಲಕ್ಕಿಂತ ಉದ್ದವಿರಬಾರದು, ಎರಡು ಮೂರು ಎಳೆತಕ್ಕೊಮ್ಮೆ ರೇಜರನ್ನು ನೀರಿನಲ್ಲಿ ಅಲ್ಲಾಡಿಸಿ ತೊಳೆಯಬೇಕು. ಇನ್ನೊಂದು ಕೈ ಸುಮ್ಮನಿರಬಾರದು: ಕಿವಿಯ ಬಳಿ ಚರ್ಮವನ್ನು ಮೇಲಕ್ಕೆ ಜಗ್ಗಿ, ದವಡೆಯ ಅಂಚಿನ ಕೆಳಗಿರುವ ಚರ್ಮವನ್ನು ಮೂಳೆಯ ಮೇಲಕ್ಕೆ ಎಳೆದು, ಚಪ್ಪಟೆಯಾದ ಜಾಗ ಮಾಡಿಕೊಡಬೇಕು. ಗಂಟಲುಮಣಿಯ ಮೇಲಿನ ಚರ್ಮವನ್ನು ಪಕ್ಕಕ್ಕೆ ಸರಿಸಿ ಹಿಡಿದು ಅಲ್ಲಿ ಎಳೆಯುವುದು ಕ್ಷೇಮ. ಮೇಲ್ದುಟಿಯನ್ನು ಹಲ್ಲಿನ ಮೇಲೆ ಬಿಗಿಯಾಗಿ ಇಳಿಸಿಕೊಂಡರೆ ಮೀಸೆಯ ಜಾಗ ಸಮತಟ್ಟಾಗುತ್ತದೆ.

ಮೊದಲ ಸುತ್ತು ಕೂದಲಿನ ಹಾದಿಗೇ ಆಗಬೇಕು. ಅದರ ನಂತರ ಮುಖ ನುಣುಪಾಗಿರುವುದಿಲ್ಲ, ಆಗಬೇಕಾಗಿಯೂ ಇಲ್ಲ. ಮತ್ತೆ ನೊರೆ ಹಚ್ಚಿ ಎರಡನೆಯ ಸುತ್ತನ್ನು ಅಡ್ಡಕ್ಕೆ ತೆಗೆದುಕೊಂಡರೆ ಉಳಿದದ್ದರಲ್ಲಿ ಬಹುಪಾಲು ಹೋಗುತ್ತದೆ. ಉಳಿದ ಒಂದೆರಡು ಕೂದಲಿಗಾಗಿ ನೊರೆಯಿಲ್ಲದ ಬರಿಚರ್ಮದ ಮೇಲೆ ರೇಜರು ಆಡಿಸುವುದೇ ಗಾಯಗಳ ಮುಖ್ಯ ಮೂಲ. ಕೂದಲಿನ ಎದುರಿಗೆ ಹೋಗುವ ಮೂರನೆಯ ಸುತ್ತು ಮದುವೆಯ ದಿನಕ್ಕೆ ಇರಲಿ. ಗುಂಗುರು ಕೂದಲಿನವರಿಗೆ ಅದರಿಂದ ಕೂದಲು ಚರ್ಮದೊಳಗೇ ಬೆಳೆದು ಗುಳ್ಳೆಗಳಾಗುತ್ತವೆ.

ಕೊನೆಗೆ ತಣ್ಣೀರಿನಲ್ಲಿ ಮುಖ ತೊಳೆದು, ಒದ್ದೆ ಮುಖದ ಮೇಲೆ ಪಟಿಕದ ಕಲ್ಲನ್ನು ಸರಿಸಬೇಕು. ಕ್ಷೌರದಂಗಡಿಯಲ್ಲಿ ಅದನ್ನು ರಕ್ತ ನಿಲ್ಲಿಸಲು ಬಳಸುತ್ತಾರೆ, ನಾನು ಅದನ್ನು ಪರೀಕ್ಷಕನಂತೆ ಬಳಸುತ್ತೇನೆ. ಕೆನ್ನೆಯ ಮೇಲೆ ಬರಿ ತಂಪೆನಿಸಿ ದವಡೆಯ ಕೆಳಗೆ ಚುರುಗುಟ್ಟಿದರೆ, ಕಣ್ಣಿಗೆ ಗಾಯ ಕಾಣದಿದ್ದರೂ ಅಲ್ಲಿ ಒತ್ತಿದ್ದೇನೆಂದು ಗೊತ್ತಾಗುತ್ತದೆ, ಮರುದಿನ ಗಮನವಿಡಬೇಕಾದದ್ದು ಆ ಒಂದೇ ಜಾಗದ ಮೇಲೆ. ಅರ್ಧ ನಿಮಿಷ ಬಿಟ್ಟು ತೊಳೆದುಕೊಳ್ಳಬೇಕು. ಕಲ್ಲನ್ನು ಮನೆಯವರೆಲ್ಲ ಹಂಚಿಕೊಳ್ಳಬಾರದು. ಬ್ಲೇಡಿನ ವಿಷಯದಲ್ಲಂತೂ ಈ ಮಾತು ಇನ್ನೂ ಕಟ್ಟುನಿಟ್ಟು, ಹೆಪಟೈಟಿಸ್ ಬಿ, ಸಿ ಸೋಂಕುಗಳು ರಕ್ತದ ಮೂಲಕ ಹರಡುತ್ತವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಏನೂ ಒಣಗುವುದಿಲ್ಲವಾದ್ದರಿಂದ ಬ್ರಶ್ಶಿನ ಬುಡಕ್ಕೆ ಬೂಷ್ಟು ಹಿಡಿಯುತ್ತದೆ. ಅದನ್ನು ಚೆನ್ನಾಗಿ ಕೊಡವಿ, ಗಾಳಿ ಆಡುವಲ್ಲಿ ಕೂದಲು ಕೆಳಮುಖವಾಗಿ ತೂಗುಹಾಕಬೇಕು, ಒಲೆಯ ನೇರ ಶಾಖಕ್ಕೆ ಇಡಬಾರದು. ರೇಜರನ್ನು ಬಿಚ್ಚಿ, ನೀರು ಹೋಗುವಂತೆ ಅಲ್ಲಾಡಿಸಿ, ಬಚ್ಚಲಿನಿಂದ ಹೊರಗಿಡಬೇಕು. ಉಪ್ಪುಗಾಳಿಯಲ್ಲಿ ಹಿತ್ತಾಳೆ ಹಸಿರುಗಟ್ಟಲು ಹೆಚ್ಚು ದಿನ ಬೇಕಿಲ್ಲ. ಹಳೆಯ ಬ್ಲೇಡುಗಳನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಎಸೆದರೆ ಅವು ಗೊಬ್ಬರಗುಂಡಿಯ ಮೂಲಕ ತೋಟ ಸೇರುತ್ತವೆ, ಅಲ್ಲಿ ಬರಿಗಾಲಿನಲ್ಲಿ ಕೆಲಸ ಮಾಡುವವರಿದ್ದಾರೆ, ಮೇಯುವ ದನಗಳಿವೆ. ಖಾಲಿಯಾದ ಪೌಡರ್ ಡಬ್ಬಿಯ ಮುಚ್ಚಳಕ್ಕೆ ಬ್ಲೇಡು ಹೋಗುವಷ್ಟು ಸೀಳು ಕೊರೆದು ಅದರಲ್ಲಿ ಹಾಕುತ್ತ ಬಂದಿದ್ದೇನೆ. ನಾಲ್ಕು ವರ್ಷವಾದರೂ ಆ ಡಬ್ಬಿ ಇನ್ನೂ ಅರ್ಧ ತುಂಬಿಲ್ಲ.