ಚಟ ಬಿಟ್ಟವರ ಜೊತೆ ನಿಲ್ಲುವ ಗುಂಪು ಕಟ್ಟುವುದು ಹೇಗೆ?

ಕುಡಿತ ಬಿಡುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನಾಲ್ಕಾರು ಸಲ ಬಿಟ್ಟವರನ್ನು ಕೇಳಿ ನೋಡಿ, ಬೇರೆಯದೇ ಮಾತು ಬರುತ್ತದೆ. ಬಿಡುವುದೇನೋ ಆಗಿಬಿಡುತ್ತದೆ, ಬಿಟ್ಟ ಮೇಲಿನ ಸಂಜೆಗಳನ್ನು ದಾಟುವುದೇ ಆಗುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ವಾರ ಮನಸ್ಸು ಎಳೆಯುವಾಗ ಡಾಕ್ಟರ್ ಪಕ್ಕದಲ್ಲಿರುವುದಿಲ್ಲ. ಪಕ್ಕದ ಬೀದಿಯವರು ಇರಬಹುದು. ಅಂಥ ಗುಂಪು ಕಟ್ಟಲು ಕಟ್ಟಡ ಬೇಡ, ಬೋರ್ಡು ಬೇಡ, ಉದ್ಘಾಟನೆಯಂತೂ ಬೇಡವೇ ಬೇಡ.

ಮೊದಲು ಮೂವರು

ಮೂವರು ನಾಲ್ವರು ಸಾಕು. ಅವರಲ್ಲಿ ಒಬ್ಬರಾದರೂ ಸ್ವತಃ ಚಟದಿಂದ ಹೊರಬಂದವರಿರಲಿ. ಚಟದಲ್ಲಿರುವವರು ಉಪದೇಶ ಕೇಳಿ ಕೇಳಿ ಕಿವಿ ಮುಚ್ಚಿಕೊಂಡಿರುತ್ತಾರೆ. ‘ನಾನೂ ಹಾಗೇ ಇದ್ದೆ’ ಅನ್ನುವವರ ಮುಂದೆ ಮಾತ್ರ ಬಾಯಿ ಬಿಡುತ್ತಾರೆ.

ಜಗತ್ತಿನ ಅತಿ ದೊಡ್ಡ ಸ್ವಸಹಾಯ ಗುಂಪುಗಳಲ್ಲೊಂದು ಹುಟ್ಟಿದ್ದೂ ಹೀಗೇ. 1935ರ ಮೇ ತಿಂಗಳು. ನ್ಯೂಯಾರ್ಕ್ ಷೇರುಪೇಟೆಯಲ್ಲಿ ಕೆಲಸ ಮಾಡಿದ್ದ ಬಿಲ್ ವಿಲ್ಸನ್ ವ್ಯವಹಾರಕ್ಕೆಂದು ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಊರಿಗೆ ಬಂದಿದ್ದರು. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ವ್ಯವಹಾರ ಕೈಕೊಟ್ಟಿತು. ಹೋಟೆಲಿನಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಬಾರ್. ಅವರು ಅತ್ತ ಹೋಗದೆ ಫೋನ್ ಎತ್ತಿಕೊಂಡು, ತನ್ನ ಹಾಗೆ ಕುಡಿತದಿಂದ ಒದ್ದಾಡುವವರು ಈ ಊರಲ್ಲಿ ಯಾರಾದರೂ ಸಿಗುತ್ತಾರಾ ಅಂತ ಹುಡುಕಿದರು. ಸಿಕ್ಕವರು ಸರ್ಜನ್ ಬಾಬ್ ಸ್ಮಿತ್. 15 ನಿಮಿಷ ಕೂತು ಎದ್ದುಬಿಡೋಣ ಅಂತ ಬಂದ ಡಾಕ್ಟರ್ ಗಂಟೆಗಟ್ಟಲೆ ಕೂತರು. ಆ ಮಾತುಕತೆಯಿಂದ ಬೆಳೆದದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಬಿಲ್ ಅವತ್ತು ಇನ್ನೊಬ್ಬರನ್ನು ಹುಡುಕಿದ್ದು ತಾನು ಕುಡಿಯದೆ ಉಳಿಯಲಿಕ್ಕೆ.

ಡಾಕ್ಟರನ್ನು ಕೇಳದೆ ‘ಇವತ್ತೇ ಬಿಡಿ’ ಅನ್ನಬೇಡಿ

ಒಳ್ಳೆಯ ಮನಸ್ಸಿನವರು ಅತಿ ದೊಡ್ಡ ತಪ್ಪು ಮಾಡುವುದು ಇಲ್ಲೇ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಕೊನೆಯ ಸಲ ಕುಡಿದ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ಗಾಬರಿ ಶುರುವಾಗುತ್ತದೆ. ಫಿಟ್ಸ್ ಬಂದರೆ ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ. ಕೆಲವರಿಗೆ ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಬುದ್ಧಿ ಕಲಸಿಹೋಗುತ್ತದೆ, ಇಲ್ಲದ ಹುಳುಗಳು, ಇಲ್ಲದ ಜನ ಕಾಣುತ್ತಾರೆ. ಜ್ವರವೂ ಏರಬಹುದು. ಇದು ನಾಟಕವಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ. ಬಹಳ ದಿನ ನಿದ್ದೆ ಮಾತ್ರೆ ನುಂಗಿದವರೂ ದಿಢೀರ್ ನಿಲ್ಲಿಸಬಾರದು.

ಆದ್ದರಿಂದ ಗುಂಪು ಶುರುವಾಗುವ ಮೊದಲೇ ಒಬ್ಬ ಡಾಕ್ಟರ್ ಜೊತೆ ಮಾತಾಡಿಟ್ಟುಕೊಳ್ಳಿ. ಯಾರನ್ನು ಎಲ್ಲಿಗೆ ಕರೆದೊಯ್ಯಬೇಕು, ರಾತ್ರಿ ಹೊತ್ತು ಯಾವ ಆಸ್ಪತ್ರೆ, ಗಾಡಿ ಯಾರದ್ದು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಯಾರನ್ನೂ ಕೂಡಿಹಾಕಬೇಡಿ, ಕಟ್ಟಿಹಾಕಬೇಡಿ. ಡಾಕ್ಟರ್ ಕೊಟ್ಟ ಮಾತ್ರೆ ನುಂಗುವವರಿಗೆ ‘ಇದೂ ಒಂದು ಚಟವೇ ಅಲ್ವಾ’ ಅಂತ ಕುಟುಕಲೂಬೇಡಿ.

ಜಾಗ ಮತ್ತು ಹೊತ್ತು

ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತು, ಒಂದೇ ಜಾಗ. ಒಬ್ಬರೇ ಬಂದರೂ ಬಾಗಿಲು ತೆರೆದಿರಲಿ. ಮಳೆ ಬಂತು, ಮದುವೆ ಇತ್ತು ಅಂತ ಎರಡು ವಾರ ತಪ್ಪಿದರೆ ಗುಂಪು ಮುಗಿದ ಹಾಗೇ. ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು. ಫೋಟೊ ತೆಗೆಯಬಾರದು. ‘ಇವರು ನಮ್ಮಿಂದ ಬಿಟ್ಟವರು’ ಅಂತ ವೇದಿಕೆ ಹತ್ತಿಸಿ ಸನ್ಮಾನ ಮಾಡುವ ಹುಚ್ಚು ಹಲವರಿಗಿದೆ. ದಯವಿಟ್ಟು ಬೇಡ. ಮುಂದೊಮ್ಮೆ ಅವರು ಜಾರಿದರೆ ಆ ಹಾರವೇ ಅವರನ್ನು ಗುಂಪಿನಿಂದ ದೂರ ಇಡುತ್ತದೆ.

ಏನು ಮಾತಾಡುವುದು?

ಭಾಷಣ ಬೇಡ. ಪ್ರತಿಯೊಬ್ಬರೂ ಹೋದ ವಾರ ಹೇಗಿತ್ತು, ಯಾವ ಹೊತ್ತು ಕಷ್ಟವಾಯಿತು, ಆಗ ಏನು ಮಾಡಿದೆ ಎಂದಷ್ಟೇ ಹೇಳಲಿ. ಮಧ್ಯೆ ಬಾಯಿ ಹಾಕಬಾರದು. ಬೇಡ ಅಂದವರು ಸುಮ್ನೆ ಕೂತು ಹೋಗಲಿ.

ಆಸೆ ಎದ್ದಾಗ ಅದು ಮುಗಿಯುವುದೇ ಇಲ್ಲ ಅನಿಸುತ್ತದೆ. ಆದರೆ ಅದು ಅಲೆ. ಏರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆಗೆ ಫೋನ್ ಎತ್ತುವವರು ಬೇಕು. ಒಬ್ಬೊಬ್ಬರಿಗೂ ಎರಡು ನಂಬರ್ ಕೊಡಿ. ಒಂದನ್ನೇ ಕೊಟ್ಟರೆ ಅದು ಬ್ಯುಸಿ ಬರುವುದು ಸರಿಯಾಗಿ ಅವತ್ತೇ. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಇವು ನಾಲ್ಕೂ ಆಸೆಯನ್ನು ಕೆದಕುತ್ತವೆ. ಫೋನ್ ಬಂದಾಗ ಬುದ್ಧಿವಾದ ಬಿಟ್ಟು ಮೊದಲು ‘ಊಟ ಆಯ್ತಾ, ನಿದ್ದೆ ಮಾಡಿದ್ರಾ’ ಅಂತ ಕೇಳಿ.

ಮನೆಯವರು

ಅವರಿಗೆ ಬೇರೆ ದಿನ, ಬೇರೆ ಕೂಟ. 1951ರಲ್ಲಿ ಅಲ್-ಅನಾನ್ ಎಂಬ ಗುಂಪು ಶುರುವಾದದ್ದು ಕುಡಿಯುವವರ ಮನೆಯವರಿಗಾಗಿಯೇ. ನಮ್ಮಿಂದಲೇ ಹೀಗಾಯಿತೇನೋ ಅನ್ನುವ ಭಾರ ಇಳಿಸಲು ಅವರಿಗೂ ಜಾಗ ಬೇಕು. ಹಾಗೆಯೇ ಒಂದು ಎಚ್ಚರಿಕೆ ಹೇಳಿ. ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆಯನ್ನು ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸಬಾರದು. ಅದರ ಮೇಲೆ ಕುಡಿದರೆ ವಾಂತಿಯಾಗಿ, ಎದೆ ಬಡಿತ ಹೆಚ್ಚಿ, ಬಿಪಿ ಕುಸಿಯಬಹುದು. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಹಾಗಾಗಬಹುದು. ಸಾವೂ ಸಂಭವಿಸಬಹುದು.

ಜಾರಿದ ದಿನ

ಇದು ಬಂದೇ ಬರುತ್ತದೆ ಅಂದುಕೊಂಡೇ ಗುಂಪು ಕಟ್ಟಿ. ಬಾಬ್ ಸ್ಮಿತ್ ಕೂಡ ಬಿಲ್ ಸಿಕ್ಕ ಕೆಲವೇ ವಾರಗಳಲ್ಲಿ ವೈದ್ಯರ ಸಮ್ಮೇಳನಕ್ಕೆ ಹೋಗಿ ಮತ್ತೆ ಕುಡಿದರು. ವಾಪಸ್ ಬಂದು, ಕೊನೆಯ ಸಲ ಕುಡಿದದ್ದು 1935ರ ಜೂನ್ 10. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಹುಟ್ಟಿದ ದಿನ ಅಂತ ಎಣಿಸುತ್ತದೆ.

ಹೆರಾಯಿನ್‌ನಂಥ ಅಫೀಮು ಬಗೆಯ ಮಾದಕ ವಸ್ತುವಿನಲ್ಲಿ ಜಾರುವುದು ಇನ್ನೂ ಅಪಾಯ. ಕೆಲವು ವಾರ ಬಿಟ್ಟರೆ ಅದನ್ನು ತಡೆದುಕೊಳ್ಳುವ ದೇಹದ ಶಕ್ತಿ ಇಳಿದಿರುತ್ತದೆ. ಹಳೇ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಇದನ್ನು ಮುಚ್ಚುಮರೆಯಿಲ್ಲದೆ ಮೊದಲೇ ಹೇಳಿಡಿ. ನಾಲೊಕ್ಸೋನ್ ಎಂಬ ಔಷಧಿ ಆ ಉಸಿರನ್ನು ಮರಳಿಸಬಲ್ಲದು. ಅದರ ಪರಿಣಾಮ ಬೇಗ ಇಳಿಯುವುದರಿಂದ ಆಸ್ಪತ್ರೆಗೆ ಹೋಗಲೇಬೇಕು.

ಇನ್ನು, ಜಾರಿದವರು ಸಾಮಾನ್ಯವಾಗಿ ಮುಂದಿನ ವಾರ ಬರುವುದಿಲ್ಲ. ನಾಚಿಕೆ. ಕಾಯಬೇಡಿ, ಅವತ್ತು ರಾತ್ರಿಯೇ ಒಬ್ಬರು ಫೋನ್ ಮಾಡಿ. ಯಾಕೆ ಬರಲಿಲ್ಲ ಅಂತ ಕೇಳದೆ, ಮುಂದಿನ ವಾರ ಬಾಗಿಲು ತೆಗೆಯಲು ಸ್ವಲ್ಪ ಬೇಗ ಬರುತ್ತೀರಾ ಅಂತ ಕೇಳಿ.