ದೂರದ ಪ್ರಯಾಣಕ್ಕೆ ಬೈಕ್: ಟಾಪ್ ಸ್ಪೀಡ್‌ಗಿಂತ ಮೊದಲು ಏನು ನೋಡಬೇಕು?

ಬೆಂಗಳೂರಿನಿಂದ ಮಂಗಳೂರಿಗೋ ಗೋಕರ್ಣಕ್ಕೋ ಸಾಮಾನು ಕಟ್ಟಿಕೊಂಡು ಇಬ್ಬರು ಹೋಗಿಬರಲು ಬೈಕ್ ಹುಡುಕುವವರು ಶೋರೂಂನಲ್ಲಿ ಮೊದಲು ಕೇಳುವುದು ಟಾಪ್ ಸ್ಪೀಡ್. ನಮ್ಮ ರಸ್ತೆಯಲ್ಲಿ ಅದು ಲೆಕ್ಕಕ್ಕೆ ಬಾರದ ಅಂಕಿ. ಚತುಷ್ಪಥ ಹೆದ್ದಾರಿಯಲ್ಲಿ ಬೈಕ್‌ಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿಪಡಿಸಿದ ಮಿತಿ ಗಂಟೆಗೆ 80 ಕಿ.ಮೀ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕಂತೂ 2023ರ ಆಗಸ್ಟ್‌ನಿಂದ ಬೈಕ್‌ಗಳನ್ನು ಬಿಡುವುದೇ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಹಾಗಾಗಿ ಹುಡುಕಬೇಕಾದದ್ದು 80ರಲ್ಲಿ ಐದಾರು ತಾಸು ನಿರಾಯಾಸವಾಗಿ ಓಡುವ, ಘಾಟಿಯಲ್ಲಿ ಲಾರಿ ಹಿಂದಿಕ್ಕುವಾಗ ಉಸಿರು ಕಟ್ಟದ ಗಾಡಿಯನ್ನು.

ಮೊದಲು ತೂಕದ ಲೆಕ್ಕ. ಸವಾರ 75 ಕೆ.ಜಿ., ಹಿಂದೆ ಕೂರುವವರು 60, ಬ್ಯಾಗು 20 ಎಂದರೆ 155 ಕೆ.ಜಿ. ಆಯಿತು. ಗಾಡಿಯ ಗರಿಷ್ಠ ಒಟ್ಟು ತೂಕದಿಂದ ಅದರ ಸ್ವಂತ ತೂಕ ಕಳೆದರೆ ಎಷ್ಟು ಹೊರಬಲ್ಲದು ಎಂಬುದು ಸಿಗುತ್ತದೆ. ನಿಮ್ಮ ಭಾರ ಆ ಅಂಕಿಗೆ ತೀರಾ ಹತ್ತಿರವಿದ್ದರೆ ಆ ಗಾಡಿ ಬೇಡ. ಹಿಂದಿನ ಶಾಕ್ ಅಬ್ಸಾರ್ಬರ್ ಪೂರ್ತಿ ಕುಸಿದು ಪ್ರತಿ ಗುಂಡಿಯೂ ನೇರ ಬೆನ್ನಿಗೆ ಬಡಿಯುತ್ತದೆ.

ಎಂಜಿನ್‌ನಲ್ಲಿ ನೋಡಬೇಕಾದದ್ದು ಟಾರ್ಕ್, ಅಂದರೆ ಚಕ್ರ ತಿರುಗಿಸುವ ಎಳೆತದ ಬಲ, ಎಷ್ಟಿದೆ ಎಂಬುದರ ಜೊತೆಗೆ ಅದು ಎಷ್ಟು ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ಸಿಗುತ್ತದೆ ಎಂಬುದು. ಹೋಂಡಾ ಹೈನೆಸ್ ಸಿಬಿ350ರ 30 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್ 3,000 ಆರ್‌ಪಿಎಂನಲ್ಲೇ ಬರುತ್ತದೆ. ಬಜಾಜ್ ಡಾಮಿನಾರ್ 400ರ 35 ಎನ್‌ಎಂ ಬರುವುದು 6,500ರಲ್ಲಿ. ಶಿರಾಡಿ ಘಾಟಿಯ ಏರಿನಲ್ಲಿ ಹೋಂಡಾ ಮೇಲಿನ ಗೇರ್‌ನಲ್ಲೇ ಎಳೆದುಕೊಂಡು ಹೋಗುತ್ತದೆ. ಡಾಮಿನಾರ್‌ಗೆ ಗೇರ್ ಇಳಿಸಲೇಬೇಕು, ಇಳಿಸಿದರೆ ಅದರ 40 ಪಿಎಸ್ (ಅಶ್ವಶಕ್ತಿ) ಶಕ್ತಿಯ ಮುಂದೆ 350 ಸಿಸಿ ಗಾಡಿಗಳು ನಿಲ್ಲವು. ಪದೇಪದೇ ಗೇರ್ ಬದಲಿಸುವುದು ಬೇಸರವೆನಿಸುವವರಿಗೆ ಮೊದಲನೆಯದೇ ಸರಿ. ಏರಿನಲ್ಲೂ ಬಯಲಿನಲ್ಲೂ ಶಕ್ತಿ ಮಿಗಬೇಕು ಎನ್ನುವವರಿಗೆ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್‌ನಂಥ 648 ಸಿಸಿಯ ಅವಳಿ ಸಿಲಿಂಡರ್ ಎಂಜಿನ್ ಒಳ್ಳೆಯದು, ಆದರೆ ಅದರ 200 ಕೆ.ಜಿ.ಗೂ ಮೀರಿದ ತೂಕವನ್ನು ಇಳಿಜಾರಿನ ಪಾರ್ಕಿಂಗ್‌ನಲ್ಲಿ ಹಿಂದಕ್ಕೆ ತಳ್ಳಿ ನೋಡಿಯೇ ತೀರ್ಮಾನಿಸಿ.

ಸೀಟು ಮತ್ತು ಕಾಲು. ಇಂಟರ್‌ಸೆಪ್ಟರ್ ಸೀಟಿನ ಎತ್ತರ 804 ಮಿ.ಮೀ., ಅದೇ ಕಂಪನಿಯ ಮೀಟಿಯೋರ್ 350ಯದು 765. ಎರಡೂ ಪಾದಗಳ ಮುಂಭಾಗ ಗಟ್ಟಿಯಾಗಿ ನೆಲಕ್ಕೆ ತಾಗಬೇಕು. ಮೀಟಿಯೋರ್‌ನಂತೆ ಕಾಲು ಮುಂದಕ್ಕೆ ಚಾಚಿ ಕೂರುವ ಕ್ರೂಸರ್ ಮೊದಲ ಅರ್ಧ ತಾಸು ಸೋಫಾದಷ್ಟು ಸುಖ. ಆಮೇಲೆ ಮೈಭಾರವೆಲ್ಲ ಬೆನ್ನಿನ ಬುಡಕ್ಕೆ ಬೀಳುತ್ತದೆ, ಗುಂಡಿ ಬಂದಾಗ ಪೆಗ್ (ಕಾಲಿಡುವ ಕಡ್ಡಿ) ಮೇಲೆ ಎದ್ದು ನಿಲ್ಲಲೂ ಆಗುವುದಿಲ್ಲ. ಬೆನ್ನುನೋವು ಇರುವವರಿಗೆ ಪೆಗ್ ಸೊಂಟದ ನೇರ ಕೆಳಗೆ ಇರುವ ಗಾಡಿಯೇ ವಾಸಿ.

ಟೈರು. ಟ್ಯೂಬ್‌ಲೆಸ್ ಇರುವುದನ್ನೇ ಆರಿಸಿ. ಇದರಲ್ಲಿ ರಾಜಿ ಬೇಡ. ಟ್ಯೂಬ್ ಇರುವ ಕಡ್ಡಿಚಕ್ರದಲ್ಲಿ ಮೊಳೆ ಹೊಕ್ಕರೆ ಗಾಳಿ ಥಟ್ಟನೆ ಇಳಿಯುತ್ತದೆ, ಸರಿಮಾಡಲು ಚಕ್ರ ಬಿಚ್ಚಬೇಕು. ಟ್ಯೂಬ್‌ಲೆಸ್‌ನಲ್ಲಿ ಮೊಳೆ ಹೊಕ್ಕರೂ ಗಾಳಿ ನಿಧಾನಕ್ಕೆ ಹೋಗುತ್ತದೆ, ರಬ್ಬರ್ ಪಟ್ಟಿ ತುರುಕಿ ಪಂಪ್ ಹೊಡೆದರೆ ಮುಂದಿನ ಪಂಕ್ಚರ್ ಅಂಗಡಿ ಮುಟ್ಟಬಹುದು. ಇಂಟರ್‌ಸೆಪ್ಟರ್‌ನಲ್ಲಿ ಅಲಾಯ್ ಚಕ್ರದ ಮಾದರಿಗೆ ಮಾತ್ರ ಟ್ಯೂಬ್‌ಲೆಸ್ ಬರುತ್ತದೆ.

ಟ್ಯಾಂಕ್. ಕೊನೆಯ 3 ಲೀಟರ್ ಬಿಟ್ಟು ಲೆಕ್ಕ ಹಾಕಿ. 13.7 ಲೀಟರ್ ಟ್ಯಾಂಕ್, ಲೀಟರಿಗೆ 25 ಕಿ.ಮೀ. ಎಂದುಕೊಂಡರೆ ಧೈರ್ಯವಾಗಿ ಓಡಿಸಬಹುದಾದದ್ದು ಸುಮಾರು 265 ಕಿ.ಮೀ. ಅಂದರೆ ಮಂಗಳೂರು ದಾರಿಯಲ್ಲಿ ಘಾಟಿ ಇಳಿಯುವ ಮೊದಲು ಒಮ್ಮೆ ಬಂಕ್‌ಗೆ ತಿರುಗಿಸಬೇಕು.

ಟೆಸ್ಟ್ ರೈಡ್ ಶೋರೂಂ ಸುತ್ತಿನ ಎರಡು ಕಿಲೋಮೀಟರ್‌ಗೆ ಮುಗಿಯಬಾರದು. ಒಂದು ತಾಸು ಕೇಳಿ, ಹಿಂದೆ ಕೂರುವವರನ್ನೇ ಕರೆದೊಯ್ಯಿರಿ. ಟಾಪ್ ಗೇರ್‌ನಲ್ಲಿ 80ಕ್ಕೆ ಹತ್ತು ನಿಮಿಷ ಹಿಡಿಯಿರಿ. ಕನ್ನಡಿಯಲ್ಲಿ ಹಿಂದಿನ ವಾಹನ ಕಲಸಿದಂತೆ ನಡುಗಿದರೆ, ಇಳಿದ ಮೇಲೂ ಬೆರಳು ಜುಮುಗುಟ್ಟಿದರೆ ಆ ಕಂಪನ ಸಂಜೆಗೆ ಕೈಯನ್ನೇ ಮರಗಟ್ಟಿಸುತ್ತದೆ. ಅದೇ ವೇಗದಿಂದ ಮೇಲಕ್ಕೆ ಆಕ್ಸಿಲೇಟರ್ ತಿರುವಿದಾಗ ಗಾಡಿ ತಡವರಿಸದೆ ಎದ್ದುಬರಬೇಕು. ಟ್ರಾಫಿಕ್‌ನಲ್ಲಿ ನಿಂತಾಗ ಎಂಜಿನ್ ಬಿಸಿ ಮೊಣಕಾಲಿಗೆ ಬಡಿಯುತ್ತದೆಯೇ ಎಂಬುದನ್ನೂ ಗಮನಿಸಿ.

ಬ್ಯಾಗ್ ಕಟ್ಟುವ ಜಾಗ ಅಲ್ಲೇ ನೋಡಿಕೊಳ್ಳಿ. ಸೈಡ್ ಬ್ಯಾಗ್‌ಗೂ ಸೈಲೆನ್ಸರ್‌ಗೂ ನಡುವೆ ಸ್ಟೇ (ಬ್ಯಾಗನ್ನು ದೂರ ಹಿಡಿಯುವ ಲೋಹದ ಕಂಬಿ) ಇಲ್ಲದಿದ್ದರೆ ಬಟ್ಟೆ ಸುಡುತ್ತದೆ. ಭಾರವಾದದ್ದು ಕೆಳಗೆ, ಸೀಟಿಗೆ ಹತ್ತಿರ ಇರಲಿ. ಹಿಂದಿನ ರ‍್ಯಾಕ್‌ಗೆ ಹೇರಿದರೆ ಮುಂಚಕ್ರ ಹಗುರಾಗಿ ಹ್ಯಾಂಡಲ್ ಓಲಾಡುತ್ತದೆ. ಇಬ್ಬರು ಕೂತಾಗ ಶಾಕ್‌ನ ಪ್ರಿಲೋಡ್ (ಸ್ಪ್ರಿಂಗ್‌ನ ಬಿಗಿತದ ಹೊಂದಾಣಿಕೆ) ಬಿಗಿ ಮಾಡದಿದ್ದರೆ ಹೆಡ್‌ಲೈಟ್ ಮೇಲಕ್ಕೆದ್ದು ಎದುರಿನವರ ಕಣ್ಣು ಕುಕ್ಕುತ್ತದೆ.

ಗಾಡಿ ಮನೆಗೆ ಬಂದ ಕೂಡಲೇ ದೂರ ಹೊರಡಬೇಡಿ. ಮೊದಲ ಸರ್ವಿಸ್ ಮುಗಿಸಿ, ಅಲ್ಲಿ ಚೈನ್ ಸಡಿಲಿಕೆಯನ್ನು ಮ್ಯಾನುಯಲ್‌ನಲ್ಲಿರುವ ಅಳತೆಗೆ ನಿಮ್ಮ ಎದುರೇ ಹೊಂದಿಸಿಕೊಳ್ಳಿ, ಒಂದು ಕ್ಲಚ್ ಕೇಬಲ್, ಎರಡು ಫ್ಯೂಸ್ ಕೊಂಡು ಸೀಟಿನ ಕೆಳಗೆ ಇಟ್ಟುಕೊಳ್ಳಿ.